ಒಂದೇ ಚೀಟಿಯಡಿ ಮೂವರು ಯಲ್ಲಮ್ಮಂದಿರು

ಬೆಳಗಿನ ಆರೂಕಾಲು. ಶಿವಮೊಗ್ಗದ ಪುಟ್ಟ ವಸ್ತುಸಂಗ್ರಹಾಲಯವೊಂದರ ಹಿಂಬಾಗಿಲು ತೆಗೆದು, ಸೆರಗು ಸಿಕ್ಕಿಸಿಕೊಂಡು, ಪುಷ್ಪಮ್ಮ ಗಾಜು ಒರೆಸಲು ನಿಲ್ಲುತ್ತಾರೆ. ಹತ್ತು ಗಂಟೆಯೊಳಗೆ ಏಳು ಕೋಣೆ, ನಲವತ್ತೆರಡು ಗಾಜಿನ ಪೆಟ್ಟಿಗೆ ಮುಗಿಯಬೇಕು. ಹನ್ನೊಂದು ವರ್ಷದಿಂದ ಇದೇ ಕೆಲಸ. ಇವತ್ತಿಗೂ ಗುತ್ತಿಗೆ ನೌಕರಿಯೇ.

ಕೊನೆಯ ಕೋಣೆಯಲ್ಲಿ ಭದ್ರಾವತಿಯಿಂದ ತಂದ ಒಂಬತ್ತು ಕೌದಿಗಳಿವೆ. ಮೊನ್ನೆಮೊನ್ನೆಯವರೆಗೂ ಎಲ್ಲದರ ಕೆಳಗೆ ಒಂದೇ ಚೀಟಿ: ‘ಕಲಾವಿದೆ: ದಿವಂಗತ ಯಲ್ಲಮ್ಮ’. ಹಳೆ ಸೀರೆಗಳಲ್ಲಿ ಕೌದಿ ಹೊಲಿಯುವುದನ್ನು ತಾಯಿಯಿಂದ ಕಲಿತ ಪುಷ್ಪಮ್ಮನಿಗೆ ಅದು ಸುಳ್ಳೆಂದು ಕೌದಿಗಳು ಬಂದ ಮೊದಲ ವಾರವೇ ಗೊತ್ತಾಗಿತ್ತು. “ಮೂರು ಜನರ ಕೈ ಸಾರ್ ಅದು. ಒಬ್ರಂತೂ ಎಡಗೈಯವರು. ಹೊಲಿಗೆ ನೋಡಿದ್ರೆ ತಿಳಿಯಲ್ವಾ?”

ಮೇಲಧಿಕಾರಿ ಚಂದ್ರಶೇಖರಪ್ಪನವರಿಗೆ ಹೇಳಿದರು. “ತಂದಾಗಿನ ಪಟ್ಟೀಲಿ ಒಂಬತ್ತಕ್ಕೂ ಯಲ್ಲಮ್ಮ ಅಂತ್ಲೇ ಇದೆ. ಹೆಸರು ಒಂದೇ ಅಲ್ವೇನಮ್ಮ? ನೀನು ಗಾಜು ಒರೆಸು” ಎಂಬ ಉತ್ತರ ಬಂತು. ಪಕ್ಕದ ಕೋಣೆಯಲ್ಲಿ ಮಲ್ಲೇಶ ಎಂಬ ಹೆಸರಿನ ಇಬ್ಬರು ಬರೆದ ಚಿತ್ರಗಳಿವೆ. ಅವರಿಗೆ ಇನಿಷಿಯಲ್, ಊರು, ಫೋಟೊ ಎಲ್ಲ ಇದೆ. ಈ ಅಸಡ್ಡೆ ಹೆಂಗಸರ ಪಾಲಿಗೆ ಮಾತ್ರವೇ?

ಪುಷ್ಪಮ್ಮ ಭಾನುವಾರಗಳಲ್ಲಿ ಭದ್ರಾವತಿಯ ಬಸ್ಸು ಹತ್ತಿದರು. ಕೇರಿ ಕೇರಿ ವಿಚಾರಿಸಿದರು. ಐದನೇ ಭಾನುವಾರ, ಜಗಲಿಯ ಮೇಲೆ ಎಡಗೈಯಲ್ಲಿ ಸೂಜಿ ಹಿಡಿದು ಕೂತಿದ್ದ ಎಪ್ಪತ್ನಾಲ್ಕರ ಯಲ್ಲಮ್ಮ ಸಿಕ್ಕರು. ತೀರಿಕೊಂಡವರು ಅವರ ಹಿಂದಿನ ಬೀದಿಯ ಇನ್ನೊಬ್ಬ ಯಲ್ಲಮ್ಮ.

ಶಿವಮೊಗ್ಗಕ್ಕೆ ಬಂದ ಅಜ್ಜಿ ತಮ್ಮ ಕೌದಿಗಳನ್ನು ದೂರದಿಂದಲೇ ಗುರುತಿಸಿದರು. ಚೀಟಿಯನ್ನು ಪುಷ್ಪಮ್ಮನಿಂದ ಓದಿಸಿಕೊಂಡವರೇ ನೇರ ಅಧಿಕಾರಿಯ ಮುಂದೆ ಹೋಗಿ ನಿಂತರು. “ನಾನು ಸತ್ತಿದ್ದೀನಿ ಅಂತ ನಿಮಗೆ ಯಾರಪ್ಪ ಹೇಳಿದ್ದು? ಬರೆಯೋಕ್ ಮುಂಚೆ ಬಾಗಿಲಿಗೆ ಬಂದು ಒಂದು ಮಾತು ಕೇಳಕ್ಕಾಗ್ಲಿಲ್ವಾ?”

ತಿಂಗಳೊಳಗೆ ಚೀಟಿಗಳು ಬದಲಾದವು. ನಾಲ್ಕು ಕೌದಿ ಈ ಅಜ್ಜಿಯವು, ಮೂರು ತೀರಿಕೊಂಡವರವು. ಉಳಿದೆರಡನ್ನು ಹೊಲಿದ ಯಲ್ಲಮ್ಮ ಯಾರೆಂದು ಇನ್ನೂ ಪತ್ತೆಯಾಗಿಲ್ಲ. ಹೊಸ ಕಿರುಹೊತ್ತಗೆಯೂ ಬಂದಿದೆ. ಅದರಲ್ಲಿ ‘ಅಧಿಕಾರಿಗಳ ಸಂಶೋಧನೆಯಿಂದ’ ಎಂದಿದೆ. ಐದು ಭಾನುವಾರ ಅಲೆದವರ ಹೆಸರು ಒಂದು ಮೂಲೆಯಲ್ಲೂ ಇಲ್ಲ. ಇದಕ್ಕಿಂತ ನಾಚಿಕೆಗೇಡು ಬೇಕೆ?

ಪುಷ್ಪಮ್ಮನನ್ನು ಕೇಳಿದರೆ ಬಟ್ಟೆ ಹಿಂಡುತ್ತಲೇ ಹೇಳುತ್ತಾರೆ: “ನನ್ನ ಹೆಸರು ಬಿಡಿ ಸಾರ್. ಯಾರದೂಂತ ಗೊತ್ತಾಗದ ಆ ಎರಡೂ ಕೌದೀಲಿ ನಡುಮಧ್ಯೆ ಹಸಿರು ಸೀರೆಯ ಮೂರು ಮೂಲೆಯ ತುಂಡಿದೆ, ಅದನ್ನ ಪೇಪರ್‌ನಲ್ಲಿ ಹಾಕಿ. ‘ಇದು ನಮ್ಮಮ್ಮ ಹೊಲಿದಿದ್ದು’ ಅಂತ ಯಾರಾದ್ರೂ ಬರ್ತಾರೆ. ನಾನು ಬೆಳಿಗ್ಗೆ ಆರೂಕಾಲಿಂದ ಇಲ್ಲೇ ಇರ್ತೀನಿ.”