ಕೀಬೋರ್ಡ್ ತೆಗೆದ ಹಾಡು

ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಕಾವೂರಿನ ಒಬ್ಬರು ತೀರಿಹೋದ ತಂದೆಯ ಎಲ್‌ಪಿ ತಂದರು. ಎಪ್ಪತ್ತರ ದಶಕದ ಕ್ರೈಸ್ತ ರಾಕ್ ಆಲ್ಬಮ್. ಹಾಡುವ ದನಿ ಬಿಟ್ಟರೆ ಅದರ ತುಂಬ ಕೀಬೋರ್ಡೇ, ಬೇರೆ ವಾದ್ಯವಿಲ್ಲ. ನುಡಿಸಿದ್ದು ಆ ತಂದೆ.

"ಅಪ್ಪ ತೀರಿ ತಿಂಗಳಾಯ್ತು, ಚರ್ಚಿನ ಪೂಜೆಗೆ ಹಾಕ್ಲಿಕ್ಕುಂಟು ಸರ್. ಕೀಬೋರ್ಡ್ ಮಾತ್ರ ತೆಗೀರಿ. ಚರ್ಚಲ್ಲಿ ರಾಕ್ ಬೇಡ ಅಂತ ಫಾದರ್ ಹೇಳಿದ್ದಾರೆ."

"ಹಾಡಿದ್ದು ಬೇರೆಯವರು. ಕೀಬೋರ್ಡ್ ತೆಗೆದರೆ ನಿಮ್ಮ ತಂದೆಯದ್ದು ಎಂತ ಉಳೀತದೆ?"

"ಹಾಡು ಉಂಟಲ್ಲ ಮಾರಾಯ್ರೆ. ಯಾರಿಗೆ ಗೊತ್ತಾಗ್ತದೆ?"

ನಾನು ಒಪ್ಪಲಿಲ್ಲ. ಅವರು ಸುರತ್ಕಲ್ಲಿನಲ್ಲಿ ಯಾರಿಂದಲೋ ಮಾಡಿಸಿಕೊಂಡು, ನನ್ನನ್ನೂ ಪೂಜೆಗೆ ಕರೆದರು. ಹೋದೆ. ಗಾಯಕನ ದನಿಯೊಂದೇ ಕೇಳಿಸಿತು. ಪಕ್ಕದ ಹೆಂಗಸು ತೀರಿಹೋದವರ ಫೋಟೊ ನೋಡಿ ಕಣ್ಣೊರೆಸಿಕೊಂಡು, "ಎಷ್ಟು ಚಂದ ಹಾಡ್ತಿದ್ರು ಇವರು" ಎಂದು ನನಗೆ ಪಿಸುಗುಟ್ಟಿದರು.

ನಾನು ತಿದ್ದಲಿಲ್ಲ. ಪೂಜೆಯ ನಡುವೆ ಮಾತಾಡಬಾರದೆಂಬ ನಿಯಮವನ್ನು ನಾನು ಮುರಿಯುವವನಲ್ಲ.