ಮೂರು ಮೂಗುಗಳಲ್ಲಿ ಒಂದು

ಅತ್ತೆಗೆ ವಾಸನೆ ತಿಳಿಯದಂತಾದದ್ದು ಯಾವ ದಿನ ಎಂದು ಅತ್ತೆಗೇ ಗೊತ್ತಿರಲಿಲ್ಲ. ಐವತ್ತೇಳರ ಫ್ಲೂ ತುಮಕೂರಿನ ನಮ್ಮ ಮನೆಗೂ ಬಂದಿತ್ತು. ಅಪ್ಪ, ಅತ್ತೆ, ನಾನು ಮೂವರೂ ನಡುಮನೆಯಲ್ಲಿ ಸಾಲಾಗಿ ಮಲಗಿದ್ದೆವು. ಗಂಜಿ ಕಾಯಿಸಿಕೊಂಡು ಓಡಾಡಿದವಳು ಅಮ್ಮ ಒಬ್ಬಳೇ. ಯಾರಿಗೆ ಮೊದಲು ಬಂತು, ಎಷ್ಟು ದಿನ ಮಲಗಿದ್ದೆವು ಎಂದೆಲ್ಲ ಹಿಂದೊಮ್ಮೆ ಖಚಿತವಾಗಿ ಬರೆದಿಟ್ಟಿದ್ದೆ. ಈಗ ಓದಿದರೆ ಮುಕ್ಕಾಲು ಪಾಲು ಕಟ್ಟುಕತೆ. ಜ್ವರ ಬಂತು, ಬಿಟ್ಟಿತು. ಇಷ್ಟನ್ನು ನಂಬಬಹುದು.

ಅತ್ತೆ ಎಂದರೆ ಅಪ್ಪನ ಅಕ್ಕ. ಗುಬ್ಬಿಗೆ ಕೊಟ್ಟಿದ್ದರು; ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದಳು. ಬಂದ ದಿನದಿಂದ ಅಡುಗೆಮನೆ ಅವಳದು. ಮಡಿಯುಟ್ಟು ಒಲೆ ಹಚ್ಚಿದರೆ ಬೇರೆ ಯಾರೂ ಹೊಸಿಲು ದಾಟುವಂತಿಲ್ಲ. ದೇವರ ನೈವೇದ್ಯವಾಗುವ ತನಕ ಅಡುಗೆಯ ರುಚಿಯನ್ನೂ ನೋಡುವಂತಿಲ್ಲ, ವಾಸನೆಯನ್ನೂ ನೋಡುವಂತಿಲ್ಲ. ಅತ್ತೆ ಮಾತ್ರ ಸಾರಿನ ಹಬೆಯನ್ನು ಅಂಗೈಯಿಂದ ಮೆಲ್ಲಗೆ ತನ್ನತ್ತ ಬೀಸಿಕೊಳ್ಳುತ್ತಿದ್ದಳು. ನಾನು ನೋಡಿದರೆ, "ಸುಮ್ನಿರೋ, ಸೆಖೆ," ಅನ್ನುತ್ತಿದ್ದಳು.

ಜ್ವರದ ನಂತರ ಆ ಬೀಸಾಟ ನಿಂತುಹೋಯಿತು. ಅಪ್ಪನಿಗೆ ಬಹಳ ಸಂತೋಷ. "ಅಕ್ಕ ಈಗೀಗ ಪಾತ್ರೆ ಕಡೆ ಮುಖಾನೂ ತಿರುಗಿಸಲ್ಲ. ಮಡಿ ಅಂದ್ರೆ ಅದು ಕಣೇ," ಎಂದು ಅಮ್ಮನಿಗೆ ಹೇಳಿದ.

ನನಗೆ ಅನುಮಾನ ಹುಟ್ಟಿಸಿದ್ದು ಕಾಫಿಪುಡಿ. ಹೊಸದಾಗಿ ಪುಡಿ ಮಾಡಿಸಿ ತಂದರೆ ಅತ್ತೆ ಪೊಟ್ಟಣವನ್ನು ಮೂಗಿಗೆ ಹಿಡಿದು, ಚಿಕೋರಿ ಹೆಚ್ಚೋ ಕಡಿಮೆಯೋ ತಾನೇ ಹೇಳುತ್ತಿದ್ದಳು. ಆ ದಿನ ನನ್ನನ್ನು ಕೇಳಿದಳು: "ಚಿಕೋರಿ ಎಷ್ಟು ಹಾಕ್ಸಿದೀಯೋ?"

ನಾನು ಆಗ ತಾನೇ ಕಾಲೇಜು ಸೇರಿ ವಿಜ್ಞಾನ ಓದುತ್ತಿದ್ದೆ. ಮಧ್ಯಾಹ್ನ ಅಮ್ಮ ಮಲಗಿದಾಗ ಅತ್ತೆಯನ್ನು ಹಿತ್ತಲಿನಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದೆ. ಮಲ್ಲಿಗೆ. ಸೀಮೆಎಣ್ಣೆ. ಇಂಗು.

"ಇದು?"

"ಸುಮ್ನೆ ಬೆರಳು ಹಿಡಿದಿದೀಯ. ಆಟ ಆಡ್ತೀಯಾ ನನ್ನ ಹತ್ರ?"

ಹಿಡಿದಿದ್ದದ್ದು ಇಂಗು. ಮರುದಿನ ಪ್ರಯೋಗಶಾಲೆಯಿಂದ ಸಣ್ಣ ಬಾಟಲಿಯಲ್ಲಿ ಅಮೋನಿಯಾ ಕದ್ದು ತಂದೆ. ಅತ್ತೆ ಬೆಚ್ಚಿ ಎದ್ದು ನಿಂತಳು. "ಬಂತು ಕಣೋ! ಉರೀತು!" ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮೂಗು ಸತ್ತಿಲ್ಲ ಎಂದು ನಾನೂ ಅವಳಿಗೆ ಹೇಳಿಬಿಟ್ಟೆ. ಆದರೆ ಇಂಗು ಆಮೇಲೂ ತಿಳಿಯಲಿಲ್ಲ. ಉರಿಯನ್ನು ಒಯ್ಯುವ ನರ ಬೇರೆ, ವಾಸನೆಯನ್ನು ಒಯ್ಯುವ ನರ ಬೇರೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

"ಯಾರಿಗೂ ಹೇಳಬೇಡ," ಅಂದಳು ಅತ್ತೆ. "ಒಲೆ ಮುಂದೆ ಬಿಟ್ರೆ ಈ ಮನೇಲಿ ನಾನು ಎಲ್ಲಿ ಕೂತ್ಕೊಳ್ಳಲಿ? ಗುಬ್ಬೀಲಿ ಮೈದುನಂದಿರು ಹಾಸಿಗೆ ಹಾಸಿಟ್ಟಿದಾರಾ?"

ಹೇಳಬಾರದು, ಆದರೆ ಕಾರಣ ತಿಳಿಯಬೇಕು. ಅದಕ್ಕೆ ನಾನೊಂದು ಉಪಾಯ ಮಾಡಿದೆ: ವಾಸನೆ ಹೋದದ್ದು ನನಗೇ ಎಂದು ಹೇಳಿಕೊಂಡು ತಿರುಗಿದೆ. ಬೀದಿಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಒಳಗೆ ಊತ ಉಳಿದಿದೆ, ತಾನಾಗಿ ಇಳಿಯುತ್ತದೆ ಎಂದರು. ನನ್ನ ಮೂಗಿನಲ್ಲಿ ಅವರಿಗೆ ಯಾವ ಊತ ಕಂಡಿತೋ! ಕುಣಿಗಲ್ಲಿನ ಪಂಡಿತರ ಹತ್ತಿರ ಬಸ್ಸಿನಲ್ಲಿ ಹೋದೆ. ಕಫ ಮೂಗಿನ ಬೇರಿನಲ್ಲಿ ಕೂತಿದೆ ಎಂದು ಅವರು ನನ್ನನ್ನು ಬೆಂಚಿನ ಮೇಲೆ ತಲೆ ಇಳಿಬಿಟ್ಟು ಮಲಗಿಸಿ ಎಣ್ಣೆಯ ಹನಿ ಬಿಟ್ಟರು. ಗಂಟಲವರೆಗೂ ಬೆಂಕಿ. ಉಳಿದ ಎಣ್ಣೆ ಅತ್ತೆಗೆ ತಂದುಕೊಟ್ಟೆ, ಏನೂ ಆಗಲಿಲ್ಲ.

ಡಾಕ್ಟರು ಅಪ್ಪನ ಬಳಿ "ಮಗನ ಮೂಗು ಹೇಗಿದೆ?" ಎಂದು ಕೇಳಿದ್ದರಿಂದ ಸುದ್ದಿ ಮನೆಗೂ ತಲುಪಿತು. ಅಮ್ಮನ ಬಳಿ ಕಾರಣ ಸಿದ್ಧವಾಗಿತ್ತು. "ಜ್ವರ ಬಿಟ್ಟ ದಿನಾನೇ ತಲೆಗೆ ನೀರು ಹಾಕ್ಕೊಂಡ್ರೆ ಇನ್ನೇನಾಗತ್ತೆ?"

ಅಪ್ಪನೂ ಹಾಕಿಕೊಂಡಿದ್ದ, ಅತ್ತೆಯೂ, ನಾನೂ. ಒಂದೇ ಜ್ವರ, ಒಂದೇ ನಡುಮನೆ, ಒಂದೇ ಗಂಜಿ. ಮೂರು ಮೂಗುಗಳಲ್ಲಿ ಒಂದೇ ಯಾಕೆ? ಈ ಪ್ರಶ್ನೆಗೆ ಯಾರೂ ಔಷಧ ಕೊಡಲಿಲ್ಲ.

ಅತ್ತೆ ಕಿವಿಯಿಂದ ಅಡುಗೆ ಮಾಡಲು ಕಲಿತಿದ್ದಳು. ಬೆಣ್ಣೆ ಚಟಪಟ ನಿಲ್ಲಿಸಿದರೆ ತುಪ್ಪವಾಯಿತು; ಸಾಸಿವೆ ಸಿಡಿದು ಸುಮ್ಮನಾದರೆ ಒಗ್ಗರಣೆ. ಆದರೆ ಗಟ್ಟಿಯಾದ ಪಾಯಸ ತಳ ಹಿಡಿಯುವಾಗ ಸದ್ದು ಮಾಡುವುದಿಲ್ಲ.

ತಾತನ ತಿಥಿಯ ದಿನ ನಾನು ಹಿತ್ತಲಿನಲ್ಲಿ ಬಾಳೆಎಲೆ ಒರೆಸುತ್ತಿದ್ದೆ. ಅಮ್ಮನೂ ಅಂದು ಮಡಿಯುಟ್ಟು ಪಕ್ಕದಲ್ಲೇ ಬಾವಿಯಿಂದ ಮಡಿನೀರು ಸೇದುತ್ತಿದ್ದಳು. ಸೀದ ವಾಸನೆ ಬಂತು. ಮಡಿಯಿಲ್ಲದ ನಾನು ಒಳಗೆ ಹೋಗುವಂತಿಲ್ಲ.

"ಅತ್ತೆ, ಪಾಯಸ ಸೀದ್ಹೋಗ್ತಿದೆ!"

ಅಮ್ಮನ ಕೈಯಲ್ಲಿ ಹಗ್ಗ ನಿಂತಿತು. ನನ್ನ ಮುಖ ನೋಡಿದಳು. "ನಿನಗೆ ವಾಸನೆ ಬರಲ್ವಲ್ಲೋ?"

ನಾನು ಇನ್ನೊಂದು ಎಲೆ ಎತ್ತಿಕೊಂಡೆ. ಅಮ್ಮ ಕೊಡ ಕೆಳಗಿಟ್ಟು ಅಡುಗೆಮನೆಗೆ ನಡೆದಳು. ಒಳಗಿನಿಂದ ಅವಳ ದನಿ ಮಾತ್ರ ಕೇಳಿತು. "ತಳ ಕೆರೀಬೇಡಿ ಅತ್ತಿಗೆ. ಮೇಲಿಂದು ಬೇರೆ ಪಾತ್ರೆಗೆ ಬಗ್ಗಿಸಿ." ತಿಥಿಯೂಟಕ್ಕೆ ಕೂತವರು ಅಡುಗೆಯ ಗುಣದೋಷ ಆಡುವಂತಿಲ್ಲ, ಬಡಿಸಿದ ಪಾಯಸವನ್ನು ಪುರೋಹಿತರು ಸುಮ್ಮನೆ ಉಂಡರು.

ಸಂಜೆ ಅತ್ತೆ ತನ್ನ ಎರಡು ಸೀರೆ ಮಡಿಸುತ್ತ, "ಗುಬ್ಬಿಗೆ ಬಸ್ಸು ಎಷ್ಟು ಹೊತ್ತಿಗೋ?" ಎಂದು ನನ್ನನ್ನು ಕೇಳಿದಳು. ಉತ್ತರ ಕೊಟ್ಟವಳು ಅಮ್ಮ. "ಗುಬ್ಬಿಗೆ ಯಾಕೆ? ನಾಳೆ ಹುಳಿಪುಡಿಗೆ ಹುರೀಬೇಕು. ನನ್ನ ಕೈಲಿ ಆ ಹದ ಬರಲ್ಲ."

ಮರುದಿನದಿಂದ ಅಮ್ಮ ಈಳಿಗೆಮಣೆಯನ್ನು ಅಡುಗೆಮನೆಯ ಹೊಸಿಲಿನ ಹೊರಗೆ ಹಾಕಿಕೊಂಡು ತರಕಾರಿ ಹೆಚ್ಚತೊಡಗಿದಳು. ಆಗಾಗ "ಇಳಿಸಿ ಅತ್ತಿಗೆ" ಅನ್ನುವಳು, ಅತ್ತೆ ಇಳಿಸುವಳು. ಅದು ಕಾವಲೋ ಆಸರೆಯೋ ಎಂದು ನನಗೆ ಬಹಳ ಕಾಲ ತಿಳಿಯಲಿಲ್ಲ.

ಅರವತ್ತರ ನಂತರದ ಯಾವುದೋ ವರ್ಷ, ರಜೆಗೆ ಬಂದಿದ್ದೆ. ಒಲೆಯ ಮೇಲೆ ತೊವ್ವೆ ಚೆನ್ನಾಗಿಯೇ ಕುದಿಯುತ್ತಿತ್ತು. ಅತ್ತೆ ತಟ್ಟನೆ ಮುಖವೆತ್ತಿ, "ಏನೋ ಸೀದ ವಾಸನೆ!" ಎಂದು ಕೂಗಿ ಪಾತ್ರೆ ಇಳಿಸಿಬಿಟ್ಟಳು. ನಾನು ಗಾಳಿ ಎಳೆದು ನೋಡಿದೆ. ಇಂಗು, ಕರಿಬೇವು, ಅಷ್ಟೆ. ಏನೂ ಸೀದಿರಲಿಲ್ಲ. ಸತ್ತ ಮೂಗು ಏನನ್ನು ಮೂಸಿತು? ಹೋದ ವಾಸನೆ ವಾಪಸು ಬರುವಾಗ ಮೊದಲು ಸೀದ ವಾಸನೆಯಾಗಿಯೇ ಬರುತ್ತದೆಯೇ? ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೊಸಿಲಿನಿಂದ ನನ್ನತ್ತ ಕಣ್ಣು ಬಿಟ್ಟಳು.

"ಹೌದು ಅತ್ತಿಗೆ," ಅಂದಳು, ಬೀನ್ಸ್ ಹೆಚ್ಚುತ್ತಲೇ. "ನನಗೂ ಈಗ ಬಂತು."