ಬರ್ಫಿನ ಮೇಲೆ ವರ ನೋಡಿದ್ದು

ಮಸ್ಕಿಯಲ್ಲಿ ನಮ್ಮ ಅಕ್ಕನ ಮನೆಗೆ ಊಟಕ್ಕೆ ಹೋದರೆ, ಕೂತವರಲ್ಲಿ ಒಬ್ಬರ ತಾಟು ಮಾತ್ರ ಟಕ್ ಟಕ್ ಎಂದು ಸದ್ದು ಮಾಡುತ್ತದೆ. ತಳ ನೆಗ್ಗಿದ ಹಳೆಯ ಸ್ಟೀಲಿನ ತಾಟು ಅದು. ರೊಟ್ಟಿ ಮುರಿಯಲು ಕೈಯಿಟ್ಟರೆ ಈ ಕಡೆ ವಾಲುತ್ತದೆ, ಕೈ ತೆಗೆದರೆ ಆ ಕಡೆ. ಪುಂಡಿಪಲ್ಲೆ ಮೆಲ್ಲಗೆ ಸರಿದುಹೋಗಿ ಶೇಂಗಾ ಚಟ್ನಿಯನ್ನು ಸೇರಿಕೊಳ್ಳುತ್ತದೆ. ಹೊರಗಿನವರಿಗೆ ಅಕ್ಕ ಅದರಲ್ಲಿ ಬಡಿಸುವುದಿಲ್ಲ, ಅದು ಮನೆಯವರಿಗೇ ಮೀಸಲು. ಲಿಂಗಸುಗೂರಿನಿಂದ ಬಸ್ಸು ಹತ್ತಿ ಬರುವ ನಾನು ಮನೆಯವನೋ ನೆಂಟನೋ ಎಂಬ ಅನುಮಾನ ಎಂದಾದರೂ ಬಂದರೆ ಆ ತಾಟೇ ಅದನ್ನು ಬಗೆಹರಿಸುತ್ತದೆ. ಈ ಭಾನುವಾರವೂ ಅದು ನನ್ನ ಮುಂದೆಯೇ ಬಂದು ಕೂತು ಟಕ್ ಎಂದಿತು. ನನಗೆ ಲೇಹ್ ನೆನಪಾಯಿತು. ಅಲ್ಲಿಯ ಬಯಲು ಮೈದಾನದಲ್ಲಿ, ಹೆಪ್ಪುಗಟ್ಟಿದ ಬರ್ಫಿನ ಸುತ್ತ ಕಟ್ಟಿದ ಹಲಗೆಗಳಿಗೆ ಆಟದ ಸಣ್ಣ ಕರಿ ರಬ್ಬರಿನ ಬಿಲ್ಲೆ ಬಡಿದಾಗಲೂ ಇದೇ ಸದ್ದು ಬರುತ್ತಿತ್ತು.

ಮಸ್ಕಿಯ ಬಿಸಿಲಲ್ಲಿ ಕೂತು ಬರ್ಫಿನ ಮಾತು ತೆಗೆದನಲ್ಲ ಎಂದು ನಗಬೇಡಿ. ಐಸ್ ಹಾಕಿ ಆಟ ನೋಡಬೇಕೆಂಬ ಹುಚ್ಚು ನಮಗೇನೂ ಇರಲಿಲ್ಲ. ನಾವು ಹೋದದ್ದು ವರ ನೋಡಲಿಕ್ಕೆ.

ಅಕ್ಕನಿಗೆ ಒಬ್ಬಳೇ ಮಗಳು, ಸುಜಾತಾ. ನರ್ಸಿಂಗ್ ಓದಿ ಲೇಹಿನ ಆಸ್ಪತ್ರೆಯೊಂದಕ್ಕೆ ನೌಕರಿಗೆ ಹೋದವಳು, ಎರಡನೆಯ ಚಳಿಗಾಲದ ಹೊತ್ತಿಗೆ ಫೋನಿನಲ್ಲಿ, "ಯವ್ವಾ, ಇಲ್ಲಿ ಒಬ್ಬಾಂವ ಅದಾನ" ಎಂದಳು. ಅವನ ಹೆಸರು ಸ್ಟಾನ್ಜಿನ್. ಅಕ್ಕನ ನಾಲಿಗೆ ಆ ಹೆಸರಿನ ಜೊತೆ ಎರಡು ದಿನ ಜಗ್ಗಾಡಿ, ಕೊನೆಗೆ ಅವನನ್ನು ಸಂಜೀವಪ್ಪ ಮಾಡಿಕೊಂಡಿತು. ಸಂತೆಕಲ್ಲೂರಿನ ನಮ್ಮ ದೊಡ್ಡಪ್ಪ, "ನಾವೂ ಬೌದ್ಧರು, ಅವರೂ ಬೌದ್ಧರು ಅಂದ್ರ ಆತೇನು? ಅವರು ಜ್ವಾಳದ ರೊಟ್ಟಿ ಕಂಡಾರೇನು?" ಎಂದು ಕೇಳಿದರು. ಅಕ್ಕನಿಗೆ ರೊಟ್ಟಿಯ ಚಿಂತೆ ಇರಲಿಲ್ಲ.

"ಕೆಲಸ ಏನ್ ಮಾಡ್ತಾನ?" ಎಂದು ಕೇಳಿದಳು.

"ಬರ್ಫಿನ ಮ್ಯಾಲ ಹಾಕಿ ಆಡ್ತಾನ."

"ಆಟ ಅಲ್ಲಬೇ, ಕೆಲಸ ಕೇಳಿದೆ."

"ಅದೇ ಕೆಲಸ ಯವ್ವಾ. ಅದಕ್ಕೇ ಪಗಾರ."

ಅಕ್ಕ ಫೋನಿಟ್ಟಳು. ಅವಳು ಅಂಗನವಾಡಿ ಟೀಚರು. ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು: "ಆಡಿಸಾಕ ನನಗ ಪಗಾರ ಕೊಡ್ತಾರಂದ್ರ, ಆಡಾಕ ಅವಗ ಕೊಡ್ಲಿ ಬಿಡು."

ಅವಳ ನಿಜವಾದ ಅಂಜಿಕೆ ಬೇರೆಯೇ ಇತ್ತು. ಅದಕ್ಕೆ ನಾನು ಮತ್ತೆ ತಾಟಿಗೇ ಬರಬೇಕು. ನಮ್ಮ ಭಾವ ತೀರಿಕೊಂಡು ಕೆಲವು ವರ್ಷಗಳಾದವು. ಒಳ್ಳೆಯ ಮನುಷ್ಯ, ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ವಾಲಿಬಾಲಿನ ಹುಚ್ಚು ಬಹಳ. ಸಿಂಧನೂರಿನಲ್ಲಿ ಪಂದ್ಯ ಆಡಿ ಗೆದ್ದು ಬಂದರೆ ಓಣಿಗೆಲ್ಲ ಮಿರ್ಚಿ ಭಜಿ. ಸೋತು ಬಂದರೆ ಊಟಕ್ಕೆ ಕೂತು ಎರಡು ತುತ್ತು ತಿಂದು, ಇದ್ದಕ್ಕಿದ್ದಂತೆ ಇದೇ ತಾಟನ್ನು ಎತ್ತಿ ಗೋಡೆಗೆ ಒಗೆಯುವರು. ಅಕ್ಕನ ಮೇಲಲ್ಲ, ಗೋಡೆಯ ಮೇಲೆಯೇ. ಆದರೆ ಆ ಸಪ್ಪಳಕ್ಕೆ ಅಕ್ಕನ ಎದೆ ಝಲ್ಲೆನ್ನುತ್ತಿತ್ತು. ಇಂದಿಗೂ ನೆರೆಮನೆಯಲ್ಲಿ ಪಾತ್ರೆ ಬಿದ್ದರೆ ಅವಳು ಬೆಚ್ಚುತ್ತಾಳೆ.

"ಗೆದ್ದಾಗ ಎಲ್ಲಾರೂ ಛಲೋನ ಇರ್ತಾರ," ಎಂದು ಅವಳು ಮಗಳಿಗೆ ಹೇಳಿದಳು. "ಸೋತಾಗ ಹೆಂಗಿರ್ತಾನ, ಅದನ್ನ ನಾ ಕಣ್ಣಾರೆ ನೋಡಬೇಕು. ಒಗಿಯಾಂವ ಆದ್ರ ನಾ ನಿನ್ನ ಕೊಡಂಗಿಲ್ಲ."

ಷರತ್ತು ಕೇಳಿ ಸುಜಾತಾ ಜಗಳ ಮಾಡುತ್ತಾಳೆಂದು ನಾನು ತಿಳಿದಿದ್ದೆ. ಅವಳು "ಆತು, ಬರ್ರಿ, ಮ್ಯಾಚ್ ಐತಿ" ಎಂದಷ್ಟೇ ಹೇಳಿದಳು.

ಸೋದರಮಾವನಾದ್ದರಿಂದ ನಾನು ಹೋಗಲೇಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಮನೆತನದಲ್ಲಿ ಹಾಕಿ ಬಲ್ಲವನು ನಾನೊಬ್ಬನೇ ಎಂದು ಅಕ್ಕ ನಂಬಿದ್ದಳು. ಹೈಸ್ಕೂಲಿನಲ್ಲಿದ್ದಾಗ ಒಬ್ಬ ಆಟಗಾರ ಕಡಿಮೆ ಬಿದ್ದನೆಂದು ನನ್ನ ಕೈಗೆ ಒಂದು ಸ್ಟಿಕ್ ಕೊಟ್ಟು ಮೂಲೆಯಲ್ಲಿ ನಿಲ್ಲಿಸಿದ್ದರು. ಚೆಂಡು ಆ ಮೂಲೆಗೆ ಬರಲೇ ಇಲ್ಲ. ಆ ಆಟದ ಫೋಟೋ ಮಾತ್ರ ಅಕ್ಕನ ಮನೆಯ ಗೋಡೆಯ ಮೇಲೆ ಇಂದಿಗೂ ಇದೆ.

ಸ್ವೆಟರ್ ಕೊಳ್ಳಲು ಸಿಂಧನೂರಿಗೆ ಹೋದೆವು. ಅಂಗಡಿಯವನು "ಊಟಿಗೇನ್ರೀ?" ಎಂದ. ಅಕ್ಕ, "ಇಲ್ಲರೀ, ವರ ನೋಡಾಕ" ಎಂದಳು. ಅವನು ಮತ್ತೇನೂ ಕೇಳದೆ ಮಂಕಿಟೋಪಿಯನ್ನೂ ತೆಗೆದಿಟ್ಟ. ಅಕ್ಕ ತನ್ನ ಚೀಲದಲ್ಲಿ ಒಂದು ಕೌದಿ ಮಡಚಿಟ್ಟುಕೊಂಡಳು. ಜೊತೆಗೆ ಒಂದು ಕುಪ್ಪಸದ ಕಣ, ಒಣಕೊಬ್ಬರಿ ಬಟ್ಟಲು, ಒಂದು ಗಂಟು ಜೋಳ. "ಮನಸ್ಸಿಗೆ ಬಂದ್ರ ಅವರವ್ವಗ ಉಡಿ ತುಂಬೂಣು. ಬರಲಿಲ್ಲಂದ್ರ ಗಂಟು ಬಿಚ್ಚೂದ ಬ್ಯಾಡ, ವಾಪಸ್ ತರೂಣು."

ಲೇಹಿನಲ್ಲಿ ಮೊದಲೆರಡು ದಿನ ಉಸಿರು ಹೊಂದಿಸಿಕೊಳ್ಳುವುದರಲ್ಲೇ ಹೋಯಿತು. ಹುಡುಗ ಮನೆಗೆ ಬಂದು ಕಾಣುತ್ತೇನೆಂದರೆ ಅಕ್ಕ ಒಪ್ಪಲಿಲ್ಲ. ಮನೆಗೆ ಬಂದು ಕೈಕಟ್ಟಿ ಕೂತರೆ ಎಲ್ಲರೂ ಶಾಣ್ಯಾರೇ, ಮೊದಲು ಆಟದಲ್ಲಿಯೇ ನೋಡುತ್ತೇನೆ ಎಂದಳು. ಆಟದ ದಿನ ಸುಜಾತಾಗೆ ಡ್ಯೂಟಿ ಇತ್ತು, ಮುಗಿಯುವ ಹೊತ್ತಿಗೆ ಬಂದು ಸೇರುತ್ತೇನೆಂದಳು. "ಬಲಗಡೆ ಗೋಲಿನಾಗ ನಿಂತಿರ್ತಾನ ಮಾವ, ನೀ ಅವ್ವಗ ತೋರಸು" ಎಂದು ನನಗೆ ಒಪ್ಪಿಸಿದಳು.

ಮೈದಾನದ ಸುತ್ತ ಬೋಳು ಗುಡ್ಡಗಳು. ಬೋಳು ಗುಡ್ಡ ನಮಗೆ ಹೊಸದಲ್ಲವಾದ್ದರಿಂದ ಅಷ್ಟರಮಟ್ಟಿಗೆ ಊರಲ್ಲೇ ಇದ್ದಂತಾಯಿತು. ಮೇಲೆ ನೀಲಿ ಆಕಾಶ, ಕೆಳಗೆ ಒಂದೇ ಮಟ್ಟಕ್ಕೆ ಹೆಪ್ಪುಗಟ್ಟಿದ ನೀರು. ಅಕ್ಕ ನಿಂತು ನೋಡಿ, "ನಮ್ಮ ಕಡೆ ವಳಕಮದಿನ್ಯಾಗ ಭತ್ತದ ಗದ್ದಿಗೆ ನೀರ್ ಕಟ್ಟಿಧಂಗ ಐತಲ್ಲೋ. ನಾಟಿ ಹಚ್ಚೂದೊಂದು ಬಾಕಿ" ಎಂದಳು. ಕಲ್ಲಿನ ಮೆಟ್ಟಿಲ ಮೇಲೆ ಜನ ತುಂಬಿದ್ದರು. ಸ್ಟಾನ್ಜಿನ್‌ನ ತಾಯಿ ನಮಗಾಗಿ ಜಾಗ ಹಿಡಿದಿದ್ದರು. ಉದ್ದನೆಯ ದಪ್ಪ ಉಣ್ಣೆಯ ನಿಲುವಂಗಿ, ಕೈಯಲ್ಲಿ ಜಪಮಣಿ, ಪಕ್ಕದಲ್ಲಿ ಚಹಾದ ಫ್ಲಾಸ್ಕು. ಅಕ್ಕ ಕೌದಿ ಹಾಸಿದಳು, ಮೂವರೂ ಕೂತೆವು.

ಇಬ್ಬರು ತಾಯಂದಿರ ನಡುವೆ ಇದ್ದ ಭಾಷೆ ಹಿಂದಿ. ಆದರೆ ಅಕ್ಕನದು ಮಸ್ಕಿಯ ಸಂತೆಯಲ್ಲಿ ಕಲಿತ ಹಿಂದಿ. ಅವರು ಉಪ್ಪು ಬೆಣ್ಣೆ ಹಾಕಿದ ಚಹಾ ಸುರಿದಾಗ ಅಕ್ಕ "ನಕ್ಕೋ ಜೀ, ನಕ್ಕೋ" ಎಂದಳು. ಬೇಡ ಎನ್ನುವ ಆ ಮಾತು ಅಷ್ಟು ದೂರ ಹೋಗಿರಲಿಲ್ಲ. ಅವರು ನಕ್ಕು ಮತ್ತೊಂದು ಬಟ್ಟಲು ಸುರಿದರು. ನಮ್ಮೂರ ಬಂಡೆಯ ಮೇಲೆ ಅಶೋಕ ರಾಜನ ಹೆಸರು ಬರೆದಿದೆ ಎಂದು ಅಕ್ಕ ಕೈಯಲ್ಲಿ ಬಂಡೆಯನ್ನೂ ಅಕ್ಷರವನ್ನೂ ಬರೆದು ತೋರಿಸಿದಳು. ಆ ತಾಯಿ ಎರಡೂ ಕೈ ಜೋಡಿಸಿದರು. ಅಷ್ಟು ಸಾಕಾಯಿತು.

ಆಟ ಶುರುವಾಯಿತು. ಬಲಗಡೆಯ ಗೋಲು ನಮ್ಮ ಕಾಲ ಕೆಳಗೇ ಇತ್ತು. ಅಲ್ಲಿ ನಿಂತವನಿಗೆ ಮುಖವೇ ಇಲ್ಲ, ಮುಖದ ಜಾಗದಲ್ಲಿ ತಂತಿಯ ಜಾಲರಿ. ಕಾಲಿಗೆ ಹಾಸಿಗೆ ಕಟ್ಟಿಕೊಂಡಂತೆ ದಪ್ಪ ಬಿಳಿ ಪ್ಯಾಡು.

"ಇದೇನ್ ವರ ನೋಡೂದಲೇ, ಮೂಗಾದ್ರೂ ಕಾಣ್ತದೇನು?" ಎಂದಳು ಅಕ್ಕ.

ಆದರೂ ಅವನ ಆಟ ಚೆನ್ನಾಗಿತ್ತು. ಬಿಲ್ಲೆ ಎಲ್ಲಿದೆ ಎಂಬುದು ನಮಗೆ ಒಮ್ಮೆಯೂ ಕಾಣಲಿಲ್ಲ, ಅವನಿಗೆ ಮಾತ್ರ ಕಾಣುತ್ತಿತ್ತು. ಬಂದದ್ದನ್ನೆಲ್ಲ ತಡೆದ. ಅವನು ಸೋಲದಿದ್ದರೆ ನಾವು ಬಂದ ಕೆಲಸವೇ ಆಗುವುದಿಲ್ಲವಲ್ಲ. ಈ ಕಡೆ ಅವನ ತಾಯಿ ಮಗ ಗೆಲ್ಲಲೆಂದು ಮಣಿ ಎಣಿಸುತ್ತಿದ್ದರೆ, ಆ ಕಡೆ ನಮ್ಮಕ್ಕ, "ಒಂದಾದ್ರೂ ಬಿಡಪ್ಪ ಸಂಜೀವಪ್ಪ, ನೋಡಿ ಹೋಗ್ತೀವಿ" ಎಂದು ಗೊಣಗುತ್ತಿದ್ದಳು. ಇಬ್ಬರೂ ಒಂದೇ ಕೌದಿಯ ಮೇಲೆ ಕೂತಿದ್ದರು.

ಮೂರು ಪಾಳಿಯ ಆಟ ಅದು. ಮೊದಲ ಪಾಳಿ ಮುಗಿದು ವಿರಾಮವಾಯಿತು, ಮತ್ತೆ ಆಟಗಾರರು ಇಳಿದರು. ನಮ್ಮ ಕೆಳಗಿನ ಗೋಲಿನಲ್ಲಿ ಜಾಲರಿಯ ಮುಖದವನು ಬಂದು ನಿಂತ. ಈ ಸಲ ಅವನಿಗೆ ಏನಾಗಿತ್ತೋ, ಆಟ ಹಿಡಿಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬಿಲ್ಲೆ ಒಳಗೆ ಹೋಗಿ, ಗೋಲಿನ ಹಿಂದಿನ ಕೆಂಪು ದೀಪ ಹತ್ತಿತು. ಅವನು ಎದ್ದು, ಕೈಯಲ್ಲಿದ್ದ ಸ್ಟಿಕ್ಕನ್ನು ಗೋಲಿನ ಕಂಬಕ್ಕೆ ಅಪ್ಪಳಿಸಿ, ಮುರಿದ ತುಂಡನ್ನು ಬರ್ಫಿನ ಮೇಲೆ ಬೀಸಿ ಒಗೆದ. ಅದು ಜಾರುತ್ತ ಜಾರುತ್ತ ಹಲಗೆಗೆ ಬಡಿದು ನಿಂತಿತು.

ಅಕ್ಕ ಬೆಚ್ಚಿದಳು. ನಾನು ಅವಳ ಮುಖ ನೋಡಿದೆ. ಮಸ್ಕಿಯ ಆ ಗೋಡೆ, ಆ ತಾಟು, ಎಲ್ಲ ಅಲ್ಲಿತ್ತು.

"ಏಳು ತಮ್ಮ. ಆತು, ನಡಿ."

"ಇನ್ನೊಂದೀಟು ಕೂಡು ಯಕ್ಕಾ..."

"ಅದೇ ಸಪ್ಪಳ ಕೇಳಿದ್ನೆಲ್ಲೋ. ಇನ್ನೇನ್ ಕೂಡೂದು?"

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅದೇ ಹೊತ್ತಿಗೆ ಹುಡುಗನ ತಾಯಿ ಎದ್ದು ನಿಂತು ಖುಷಿಯಿಂದ ಚಪ್ಪಾಳೆ ತಟ್ಟುತ್ತಿದ್ದರು. "ಮಗ ಸೋತ್ರ ಚಪ್ಪಾಳಿ ಬಡಿತಾಳಲ್ಲೋ ಇಕಿ" ಎಂದು ಅಕ್ಕ ಕೌದಿಯನ್ನು ಎಳೆದಳು. ಅವರು ಅಕ್ಕನಿಗೆ ಚಳಿಯಾಯಿತೆಂದು ತಿಳಿದು, ಕೌದಿಯನ್ನು ಎತ್ತಿ ಅವಳ ಹೆಗಲಿಗೇ ಹೊದಿಸಿದರು. ಅಕ್ಕನಿಗೆ ತಡೆಯಲಾಗದೆ, "ಬೇಟಾ ಹಾರ್ಯಾ ನಾ ಜೀ? ಖುಷಿ ಕಾಯ್ಕು?" ಎಂದು ಕೇಳಿಯೇಬಿಟ್ಟಳು. ಆ ತಾಯಿ ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಆಮೇಲೆ ಅಕ್ಕನ ಗದ್ದ ಹಿಡಿದು, ಅವಳ ಮುಖವನ್ನು ಮೆಲ್ಲಗೆ ಮೈದಾನದ ಇನ್ನೊಂದು ತುದಿಗೆ ತಿರುಗಿಸಿದರು.

"ಮೇರಾ ಬೇಟಾ ಉಧರ್."

ಪಾಳಿ ಮುಗಿದ ಮೇಲೆ ತಂಡಗಳು ಗೋಲು ಬದಲಿಸಿಕೊಂಡಿದ್ದವು. ಒಬ್ಬರದು ಕಡುನೀಲಿ ಅಂಗಿ, ಇನ್ನೊಬ್ಬರದು ಕಪ್ಪು. ಬರ್ಫಿನ ಹೊಳಪಿಗೆ ಎರಡೂ ಒಂದೇ ಆಗಿ ಕಂಡಿದ್ದವು. ಗೋಲು ಕಾಯುವವನು ತನ್ನ ಮನೆ ಬಿಟ್ಟು ಎದುರುಮನೆಗೆ ಹೋಗುತ್ತಾನೆಂದು ನಮಗೆ ಹೊಳೆಯಲೇ ಇಲ್ಲ. ಅಕ್ಕ ನನ್ನ ಕಡೆ ತಿರುಗಿದಳು.

"ಹಾಕಿ ಗೊತ್ತಿದ್ದಾಂವ" ಎಂದಳು. ಅಷ್ಟೇ. ಬೇಡವಾಗಿದ್ದರೂ ನಾನು ಇನ್ನೊಂದು ಬಟ್ಟಲು ಚಹಾ ಸುರಿಸಿಕೊಂಡೆ.

ಮೂರನೆಯ ಪಾಳಿಗೆ ಸ್ಟಾನ್ಜಿನ್ ಮತ್ತೆ ನಮ್ಮ ಕೆಳಗೆ ಬಂದ. ಈಗ ಅಕ್ಕ ಗೊಣಗಲಿಲ್ಲ. ಅವನು ಸೋಲಲಿ ಎನ್ನುವುದನ್ನೂ ಬಿಟ್ಟಿದ್ದಳು, ಗೆಲ್ಲಲಿ ಎನ್ನಲೂ ಧೈರ್ಯವಿರಲಿಲ್ಲ. ಆ ತುದಿಯಲ್ಲಿ ನಮಗೆ ಕಾಣದೆ ಒಂದು ಗೋಲಾಗಿ, ಈಗ ಎರಡೂ ಕಡೆ ಸಮ ಸಮ. ಆಟ ಮುಗಿಯಲು ಬಂದಾಗ ಅವನ ಮುಂದೆ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದರು, ಕೆಂಪು ದೀಪ ಹತ್ತಿತು. ಸೋತ. ಮೆಟ್ಟಿಲ ಮೇಲಿನ ಜನ ನಿಟ್ಟುಸಿರು ಬಿಟ್ಟರು. ಅವನು ಬರ್ಫಿನ ಮೇಲೆ ಬೋರಲಾಗಿ ಮಲಗಿದ್ದ. ಅಕ್ಕ ಎದ್ದು ನಿಂತು ನನ್ನ ತೋಳು ಹಿಡಿದಿದ್ದಳು.

ಅವನು ಎದ್ದ. ಜಾಲರಿ ಮೇಲೆತ್ತಿದ. ಕೆಂಪೇರಿದ, ಬೆವರಿದ, ಎಳೆಯ ಮುಖ. ಗೋಲಿನ ಮೇಲಿಟ್ಟಿದ್ದ ಬಾಟಲಿಯಿಂದ ನೀರು ಕುಡಿದ. ಬಲೆಯೊಳಗಿದ್ದ ಬಿಲ್ಲೆಯನ್ನು ತಾನೇ ಹೊರಗೆ ತಳ್ಳಿ ರೆಫರಿಗೆ ಕೊಟ್ಟ. ಆಮೇಲೆ ಗೋಲಿನ ಮುಂದೆ ಪುಡಿಯಾಗಿ ಬಿದ್ದಿದ್ದ ಬರ್ಫನ್ನು ಕಾಲಿನಿಂದ ಅತ್ತಿತ್ತ ಸರಿಸಿ ಚೊಕ್ಕ ಮಾಡತೊಡಗಿದ.

"ಅಂಗಳ ಕಸಾ ಹೊಡಿಯಾಕತ್ಯಾನಲ್ಲೋ ತಮ್ಮ" ಎಂದು ಅಕ್ಕ ಕುಸಿದು ಕೂತಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ಕೊನೆಗೆ ಎರಡೂ ತಂಡಗಳು ಸಾಲಾಗಿ ಬಂದು ಕೈ ಕುಲುಕಿದವು. ಸ್ಟಿಕ್ ಮುರಿದವನು ಸ್ಟಾನ್ಜಿನ್‌ನನ್ನು ತಬ್ಬಿಕೊಂಡು ಏನೋ ಹೇಳಿ ನಗಿಸಿದ. ಅಕ್ಕ ಅವನನ್ನೇ ನೋಡುತ್ತಿದ್ದಳು.

"ಅವನೂ ಕೆಟ್ಟಾಂವಲ್ಲ ಬಿಡು," ಎಂದಳು. "ನಿಮ್ಮ ಭಾವನೂ ಹಂಗೇ. ಒಗದ ಮ್ಯಾಲ ತಾನೇ ತಾಟು ಹುಡುಕಿ ತಂದು, ಕಟ್ಟಿ ಮ್ಯಾಲ ಕುಂತು ಕಲ್ಲಿಲೆ ಬಡದು ಸರಿ ಮಾಡ್ತಿದ್ದ. ನನ್ನ ಮಾರಿ ನೋಡಾಕ ನಾಚಗೊಂತಿದ್ದ."

ಈ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಸುಜಾತಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ ಅಕ್ಕ ಚೀಲದಿಂದ ಗಂಟು ತೆಗೆದಳು. ಹುಡುಗನ ತಾಯಿಗೆ ಉಡಿ ತುಂಬುವುದೆಂದರೇನೆಂದು ತಿಳಿಯದು. ಆದರೂ ನಿಲುವಂಗಿಯ ಅಂಚು ಹಿಡಿದು ನಿಂತರು. ಮಸ್ಕಿಯ ಜೋಳ ಅದರಲ್ಲಿ ಬಿತ್ತು.

ಈಗ ಈ ಭಾನುವಾರದ ಊಟಕ್ಕೆ ಬರೋಣ. ನನ್ನ ಪಕ್ಕದಲ್ಲಿ ಅಳಿಯ ಸ್ಟಾನ್ಜಿನ್ ಕೂತಿದ್ದ, ಮುಂದೆ ಅಳಿಯನಿಗೆಂದೇ ಕೊಂಡ ಹೊಳೆಯುವ ಹೊಸ ತಾಟು. ಸುಜಾತಾ ಕಲಿಸಿದ ಕನ್ನಡ ಅವನಿಗೆ ಬರುತ್ತದೆ. ನನ್ನ ತಾಟು ಟಕ್ ಎಂದಾಗ, "ಮಾವ, ಈ ತಾಟು ಯಾಕ ಕುಣಿತೈತಿ?" ಎಂದ. ಅಕ್ಕ ರೊಟ್ಟಿ ತಟ್ಟುತ್ತಲೇ ಎಲ್ಲವನ್ನೂ ಹೇಳಿದಳು. ಭಾವನ ಸಿಟ್ಟು, ತನ್ನ ಷರತ್ತು, ತಪ್ಪಿ ನೋಡಿದ ಗೋಲು. "ನೀ ಸೋತಾಗ ಎಷ್ಟ್ ಸಮಾಧಾನ ಇದ್ದಿ ಅಂತೀನಿ. ಅದನ್ನ ನೋಡೇ ಒಪ್ಪಿದೆ ನಾ."

ಸ್ಟಾನ್ಜಿನ್ ಸುಜಾತಾಳ ಕಡೆ ನೋಡಿದ. ಸುಜಾತಾ ರೊಟ್ಟಿಬುಟ್ಟಿಯ ಕಡೆ ನೋಡಿದಳು.

"ಅತ್ತಿ," ಎಂದ ಅವನು, "ಆ ವರ್ಷ ನಾ ಎರಡು ಸ್ಟಿಕ್ ಮುರದಿದ್ದೆ. ಅವತ್ತ ಸುಜಾತಾ ಹೇಳಿದ್ಲು, ಇವತ್ತ ಒಗದ್ರ ಮದುವಿ ಇಲ್ಲ ಅಂತ."

ಒಲೆಯ ಮೇಲೆ ರೊಟ್ಟಿ ಕರಕಾಗುವ ವಾಸನೆ ಬಂತು.

"ಮತ್ತ ಆ ಕಸಾ ಹೊಡದದ್ದು?" ಎಂದು ಅಕ್ಕ ಕೇಳಿದಳು.

"ಅದು ದಿನಾ ಮಾಡ್ತೀನಿ ಅತ್ತಿ. ಅದನ್ನ ಯಾರೂ ಹೇಳಿಲ್ಲ."

ಅಕ್ಕ ಎದ್ದು ಬಂದಳು. ನನ್ನ ತಾಟಿನಲ್ಲಿದ್ದ ಅರ್ಧ ರೊಟ್ಟಿ, ಪಲ್ಲೆ, ಚಟ್ನಿಯನ್ನು ಒಂದು ಖಾಲಿ ತಾಟಿಗೆ ಸುರಿದು ನನ್ನ ಮುಂದಿಟ್ಟಳು. ನೆಗ್ಗಿದ ತಾಟನ್ನು ತೊಳೆದು ತಂದು ಅಳಿಯನ ಮುಂದೆ ಇಟ್ಟು, ಬಿಸಿ ರೊಟ್ಟಿ ಹಾಕಿದಳು.

"ಇನ್ನ ಮ್ಯಾಲ ಇದು ನಿಂದು. ಒಗದ್ರ ನೀನೇ ತಂದು ಬಡದು ಸರಿ ಮಾಡಬೇಕು" ಎಂದಳು. ಹೇಳುವಾಗ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು.

ಅವನು ರೊಟ್ಟಿ ಮುರಿಯಲು ಕೈಯಿಟ್ಟ. ಟಕ್ ಎಂದಿತು. ನನ್ನ ಮುಂದಿನ ತಾಟು ಅಲುಗಾಡದೆ ನೆಟ್ಟಗೆ ಕೂತಿತ್ತು, ನೆಂಟರಿಗೆ ಹಾಕುವ ತಾಟು.